ಮೂರು ಮೆಟ್ಟಿಲು ಕಡಿಮೆ

ರಾತ್ರಿ ಹನ್ನೆರಡೂಕಾಲಿಗೆ ‘ಟಕ್’ ಎಂದು ಸಣ್ಣದೊಂದು ಸದ್ದಾಯಿತು. ಕೌನ್ಸಿಲರರ ಹೆಂಡತಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿದರು. ಅದು ಸ್ಟೇಪ್ಲರ್ ಸದ್ದು. ನಾಲ್ಕು ವರ್ಷಗಳಿಂದ ವಾರದಲ್ಲಿ ಎರಡು ಮೂರು ಸಲ ಆ ಹೊತ್ತಿಗೆ ಅದು ಬರುತ್ತಿತ್ತು. ಬಂತೆಂದರೆ ಗಂಡನ ಇನ್ನೊಂದು ಪತ್ರ ಮುಗಿದಿದೆ, ಬೆಳಿಗ್ಗೆ ಅದನ್ನು ಎದುರುಮನೆಯವರ ಕೈಗೆ ಕೊಡಬೇಕು ಎಂದು ಅರ್ಥ. ಎದುರುಮನೆಯವರು ನಗರಸಭೆಯಲ್ಲಿ ನೀರಿನ ಮೀಟರ್ ಓದುವ ಕೆಲಸದವರು. ದಿನವೂ ಎಂಟೂವರೆಗೆ ಮನೆ ಬಿಡುತ್ತಿದ್ದರು.

ಆದರೆ ಆ ರಾತ್ರಿಯ ಪತ್ರ ಕೆಟ್ಟುಹೋದ ಬೀದಿ ದೀಪದ ಬಗ್ಗೆಯಾಗಲಿ, ಕಟ್ಟಿಕೊಂಡ ಚರಂಡಿಯ ಬಗ್ಗೆಯಾಗಲಿ ಇರಲಿಲ್ಲ. ಅದು ಕೌನ್ಸಿಲರರ ರಾಜೀನಾಮೆ.

ಕಾರಣ ಬಹಳ ದೊಡ್ಡದೇನಲ್ಲ. ಅಂದು ಸಂಜೆ ಶಾಲೆಯ ಹಾಲ್‌ನಲ್ಲಿ ವಾರ್ಡಿನ ಸಭೆ ನಡೆದಿತ್ತು. ಕ್ಷೌರದಂಗಡಿಯವನು ಎದ್ದು ನಿಂತು, ನಾಲ್ಕು ವರ್ಷದಲ್ಲಿ ಮಾಡಿದ ಒಂದೇ ಒಂದು ಕೆಲಸ ಹೇಳಿ ಸಾರ್ ಎಂದು ಕೇಳಿದ. ಕೇಳಿದ್ದು ಒರಟಾಗಿಯೂ ಅಲ್ಲ, ಗಡ್ಡ ಎಷ್ಟು ಸಣ್ಣ ಮಾಡಲಿ ಎಂದು ಕೇಳುವ ದನಿಯಲ್ಲಿ. ಕೌನ್ಸಿಲರರ ಹತ್ತಿರ ಉತ್ತರ ಇತ್ತು. ಆದರೆ ಅದು ನಾಲ್ಕು ಪುಟದ್ದು. ಅವರು ಮೊದಲ ಪುಟದ ಮಧ್ಯಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಕುರ್ಚಿ ಮಡಚತೊಡಗಿದ್ದರು.

ಕೌನ್ಸಿಲರರು ಇಪ್ಪತ್ತಾರು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡಿದವರು. ಜೀವನದಲ್ಲಿ ಎಂದೂ ಯಾರನ್ನೂ ಬೈದವರಲ್ಲ, ಯಾರ ಕೋಣೆಯ ಬಾಗಿಲನ್ನೂ ತಳ್ಳಿಕೊಂಡು ಒಳಗೆ ಹೋದವರಲ್ಲ. ಅವರಿಗೆ ಗೊತ್ತಿದ್ದದ್ದು ಬರೆಯುವುದೊಂದೇ. ವಾರ್ಡಿನ ಜನ ಏನು ಹೇಳಿದರೂ, “ಬರೀತೀನಿ” ಎನ್ನುತ್ತಿದ್ದರು, ಬರೆಯುತ್ತಲೂ ಇದ್ದರು. ಪ್ರತಿ ಪತ್ರದಲ್ಲೂ ಹಿನ್ನೆಲೆ, ಸಮಸ್ಯೆ, ಕೋರಿಕೆ, ವಂದನೆ ಎಲ್ಲವೂ ಅಚ್ಚುಕಟ್ಟು. ಅವರ ಮಾತೂ ಬರವಣಿಗೆಯಂತೆಯೇ ಇರುತ್ತಿದ್ದುದರಿಂದ ಬೀದಿಯವರು ಬೆನ್ನ ಹಿಂದೆ ಅವರನ್ನು ಅಲ್ಪವಿರಾಮ ಎನ್ನುತ್ತಿದ್ದರು. ಹೆಂಡತಿಯಂತೂ ಎದುರಿಗೇ, ನಿಮ್ಮ ಕಾಗದಗಳನ್ನು ಹಾಸಿದ್ದರೆ ಇಷ್ಟರಲ್ಲಿ ರಸ್ತೆಯೇ ಆಗಿರುತ್ತಿತ್ತು ಎಂದಿದ್ದರು.

ಆ ರಾತ್ರಿ ಅವರು ರಾಜೀನಾಮೆಯನ್ನು ಮೂರು ಸಲ ತಿದ್ದಿದರು. ಮೂರು ಹಾಳೆಯಾಯಿತು. ಓದಿ ನೋಡಿದಾಗ ಇಷ್ಟು ಚೆನ್ನಾದ ಪತ್ರವನ್ನು ತಾವು ಹಿಂದೆ ಬರೆದೇ ಇಲ್ಲ ಅನ್ನಿಸಿತು. ಲಕೋಟೆಗೆ ಹಾಕಿ, ಮೇಲೆ ‘ತುರ್ತು’ ಎಂದು ಬರೆದು ಎರಡು ಗೆರೆ ಎಳೆದು, ಮೇಜಿನ ಮೇಲಿಟ್ಟು, ಬಾಡಿಗೆ ಮನೆಯ ಬೀಗದ ಕೈ ಹಿಂದಿರುಗಿಸಿ ಬಂದವರ ಹಾಗೆ ಹಗುರಾಗಿ ಮಲಗಿದರು.

ಬೆಳಿಗ್ಗೆ ಎಂಟು ಗಂಟೆಗೆ ಇಸ್ತ್ರಿ ಅಂಗಡಿಯಾಕೆ ಬಾಗಿಲು ಬಡಿದಳು. ಏನು, ಎತ್ತ ಎಂದು ಹೇಳಲಿಲ್ಲ. ಬನ್ನಿ ಸಾರ್, ಬಂದು ನೋಡಿ ಎಂದಷ್ಟೇ ಹೇಳಿ ಮುಂದೆ ಮುಂದೆ ನಡೆದಳು. ಮತ್ತೆ ಯಾವ ಪೈಪು ಒಡೆಯಿತೋ ಎಂದುಕೊಂಡು ಕೌನ್ಸಿಲರರು ಹಿಂದೆ ಹೋದರು.

ಅವರ ಬೀದಿಯಿಂದ ಕೆಳಗಿನ ದೊಡ್ಡ ರಸ್ತೆಗೆ ಇಳಿಯಲು ಇದ್ದದ್ದು ಎಂಬತ್ತನಾಲ್ಕು ಕಲ್ಲು ಮೆಟ್ಟಿಲು. ಕಲ್ಲುಗಳು ಸವೆದು ಸವೆದು ಸೋಪಿನ ಬಿಲ್ಲೆಯಂತಾಗಿದ್ದವು. ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದು ಕೌನ್ಸಿಲರರು ನಾಲ್ಕು ವರ್ಷದಲ್ಲಿ ಹನ್ನೊಂದು ಪತ್ರ ಬರೆದಿದ್ದರು. ಈಗ ನೋಡಿದರೆ ಪಕ್ಕದ ಗೋಡೆಗೆ ಬೋಲ್ಟ್ ಬಿಗಿದು ಮೇಲಿನಿಂದ ಕೆಳಗಿನವರೆಗೆ ಕಂಬಿ ನಿಂತಿದೆ. ಹೊಸ ಬಣ್ಣ ಬೆಳಗಿನ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದೆ.

ಹಿಂದಿನ ಸಂಜೆ ಇಡೀ ಬೀದಿ ಹಾಲ್‌ನಲ್ಲಿ ಕೂತು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ ಹೊತ್ತಿಗೇ ಕೆಲಸಗಾರರು ಬಂದು, ದೀಪ ಹಿಡಿದುಕೊಂಡು ಕೆಲಸ ಮುಗಿಸಿ ಹೋಗಿದ್ದರು.

“ನಿಮ್ಮ ಕಾಗದ ಕೊನೆಗೂ ಕೆಲಸ ಮಾಡ್ತು ಸಾರ್,” ಎಂದಳು ಇಸ್ತ್ರಿಯಾಕೆ.

ಕೌನ್ಸಿಲರರು ಕಂಬಿಯನ್ನು ಮುಟ್ಟಿದರು. ತಣ್ಣಗಿತ್ತು. ಜೋರಾಗಿ ಹಿಡಿದರೆ ಕಳಚಿ ಬಂದೀತೋ ಎನ್ನುವಂತೆ ಎರಡೇ ಬೆರಳಿನಲ್ಲಿ ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಮೇಲಿನ ತುದಿಯ ಮನೆಯಿಂದ ಮುದುಕ ಕಂಡಕ್ಟರ್ ಹೊರಗೆ ಬಂದರು. ಬಸ್ಸಿನ ಕೆಲಸದಿಂದ ನಿವೃತ್ತರಾದವರು. ಎರಡು ವರ್ಷದ ಹಿಂದೆ ಇದೇ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಕೆಳಗೆ ಇಳಿದೇ ಇರಲಿಲ್ಲ. ಈಗ ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಟ್ಟು, ತಮಗೆ ತಾವೇ “ರೈಟ್” ಎಂದು ಹೇಳಿಕೊಂಡು ಮತ್ತೆ ಹೊರಡುತ್ತಿದ್ದರು. ಕೊನೆಯಲ್ಲಿ ಮಾತ್ರ ಕೈ ಚಾಚಿದರೆ ಕಂಬಿ ಇಲ್ಲ. ಮೂರು ಮೆಟ್ಟಿಲು ಇರುವಂತೆಯೇ ಅದು ಮುಗಿದುಹೋಗಿತ್ತು. ಮೆಟ್ಟಿಲಿನ ಬುಡದಲ್ಲೇ ಅಂಗಡಿ ಇದ್ದ ಕ್ಷೌರದವನು ಓಡಿಬಂದು ತನ್ನ ತೋಳು ಕೊಟ್ಟ. ಸರ್ಕಾರದ ಕಂಬಿ ಸಾರ್, ಮೂರು ಮೆಟ್ಟಿಲು ಕಡಿಮೆ ಇಲ್ಲದಿದ್ದರೆ ನಕಲಿ ಅಂತ ಅನುಮಾನ ಬರ್ತಿತ್ತು ಎಂದ.

ಕಂಡಕ್ಟರ್ ರಸ್ತೆಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದರು.

“ಎರಡು ವರ್ಷ ಮೇಲಿಂದ ನೋಡಿದ್ದೇ ಆಯ್ತು. ಕೆಳಗಿಂದ ನೋಡಿದ್ರೆ ಈ ರಸ್ತೆ ಎಷ್ಟು ಅಗಲ ಇದೆ ಸಾರ್,” ಎಂದರು. ಆಮೇಲೆ ಕೌನ್ಸಿಲರರ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಕೌನ್ಸಿಲರರಿಗೆ ಮನೆಯ ಮೇಜು ನೆನಪಾದದ್ದು ಆಗ. ಈಗಲೇ ಹೋಗಿ ಅದನ್ನು ಚೂರುಚೂರು ಮಾಡಬೇಕು ಎಂದು ಎಂಬತ್ತನಾಲ್ಕು ಮೆಟ್ಟಿಲನ್ನೂ ಕಂಬಿ ಹಿಡಿಯದೆ ಹತ್ತಿದರು. ಮೇಜು ಖಾಲಿ ಇತ್ತು. ಒರೆಸಿಯೂ ಆಗಿತ್ತು.

ಹೆಂಡತಿ ಹೇಳಿದರು, ಎಂಟೂವರೆಗೆ ಮೀಟರಿನವರ ಕೈಗೆ ಕೊಟ್ಟಾಯಿತು, ರಾತ್ರಿ ಸದ್ದು ಕೇಳಿಸಿತಲ್ಲ. ಕೌನ್ಸಿಲರರು, ಪತ್ರದಲ್ಲಿ ಒಂದು ಸಣ್ಣ ತಪ್ಪು ಉಳಿದಿದೆ ಎಂದು ಹೇಳುತ್ತಲೇ ಹೊರಗೆ ಓಡಿದರು.

“ಒಂದಕ್ಷರಕ್ಕೆ ಯಾರಾದ್ರೂ ಹೀಗೆ ಓಡ್ತಾರೇನ್ರೀ? ಚಪ್ಪಲಿನಾದ್ರೂ ಹಾಕ್ಕೊಳ್ಳಿ,” ಎಂದು ಹೆಂಡತಿ ಹಿಂದಿನಿಂದ ಕೂಗಿದರು.

ಓಡಲು ಕಾರಣವಿತ್ತು. ನಗರಸಭೆಯ ನಿಯಮಗಳ ಪುಸ್ತಕಕ್ಕೆ ಹಿಂದೊಮ್ಮೆ ಪ್ರೂಫ್ ನೋಡಿದವರು ಅವರೇ. ಸದಸ್ಯರ ರಾಜೀನಾಮೆ ಟಪಾಲು ವಿಭಾಗದಲ್ಲಿ ತೆರೆದು ಮುದ್ರೆ ಬಿದ್ದ ಕ್ಷಣದಿಂದ ಜಾರಿಗೆ ಬರುತ್ತದೆ, ಆಮೇಲೆ ಹಿಂದಕ್ಕೆ ಪಡೆಯುವಂತಿಲ್ಲ ಎಂಬ ನಿಯಮ ಅವರಿಗೆ ಬಾಯಿಪಾಠವಾಗಿತ್ತು. ಮುದ್ರೆ ಒತ್ತುವುದು ಹನ್ನೊಂದು ಗಂಟೆಗೆ. ಈಗ ಒಂಬತ್ತೂಮುಕ್ಕಾಲು.

ಮೀಟರಿನವರು ಬೆಳಿಗ್ಗೆ ಮೊದಲು ಒಂದು ಸುತ್ತು ಮೀಟರ್ ಓದಿ, ಆಮೇಲೆ ಕಚೇರಿಗೆ ಹೋಗುವುದು ವಾಡಿಕೆ. ಮೆಟ್ಟಿಲಿನ ಬುಡದಲ್ಲಿ ಕ್ಷೌರದವನನ್ನು ಕೇಳಿದರೆ, ಇವತ್ತು ನನ್ನ ಅಂಗಡಿ ಮೀಟರ್ ಓದುವ ದಿನ, ಹತ್ತು ನಿಮಿಷದಲ್ಲಿ ಇಲ್ಲಿಗೇ ಬರುತ್ತಾರೆ ಎಂದ. ಹೇಳಿದ್ದು ಮಾತ್ರವಲ್ಲ, ಕೈಹಿಡಿದು ಒಳಗೆ ಎಳೆದು ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದ. ನಿನ್ನೆ ಆಡಿದ ಮಾತಿಗೆ ಪ್ರಾಯಶ್ಚಿತ್ತವಾಗಿ ಇವತ್ತಿನ ಕ್ಷೌರ ತನ್ನದು ಎಂದ. ಬೇಡ ಎನ್ನಲು ಕೌನ್ಸಿಲರರು ಬಾಯಿ ತೆರೆಯುವಷ್ಟರಲ್ಲಿ ನೊರೆ ತುಟಿಯವರೆಗೆ ಬಂದಿತ್ತು.

ಅಲ್ಲೇ ಪೇಪರ್ ಓದುತ್ತಿದ್ದ ಔಷಧಿ ಅಂಗಡಿಯವನು ಇನ್ನೊಂದು ಸುದ್ದಿ ಹೇಳಿದ. ಸಂಜೆ ಆರು ಗಂಟೆಗೆ ಮೆಟ್ಟಿಲಿನ ಬುಡದಲ್ಲಿ ಕೌನ್ಸಿಲರರಿಗೆ ಸಣ್ಣ ಸನ್ಮಾನ. ಮೈಕಿಗೆ ಹೇಳಿಯಾಗಿದೆ. ಹನ್ನೊಂದು ಪತ್ರಗಳ ಬಗ್ಗೆ ನೀವು ನಾಲ್ಕು ಮಾತು ಆಡಬೇಕು, ಆದರೆ ನಾಲ್ಕೇ ಸಾರ್ ಎಂದ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಮೀಟರಿನವರು ಬಂದರು. ಅವರ ಮುಖದಲ್ಲಿ ತಾವೇನೋ ಉಪಕಾರ ಮಾಡಿದ ಕಳೆ ಇತ್ತು.

“ತುರ್ತು ಅಂತ ಬರೆದಿದ್ರಲ್ಲ ಸಾರ್. ಅದಕ್ಕೇ ಇವತ್ತು ಮೀಟರ್ ಆಮೇಲೆ ಓದಿದ್ರಾಯ್ತು ಅಂತ ಮೊದಲು ಆಫೀಸಿಗೇ ಹೋಗಿ ಟಪಾಲಿನ ಅಮ್ಮನ ಕೈಗೇ ಕೊಟ್ಟು ಬಂದೆ,” ಎಂದರು.

ಕೌನ್ಸಿಲರರು ಕೊರಳಿನ ಬಟ್ಟೆ ಸಮೇತ ಎದ್ದರು. ಎಡಗೆನ್ನೆ ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತೆ, ಬಲಗೆನ್ನೆ ಪಾಯ ತೋಡಿ ಬಿಟ್ಟ ಜಾಗದಂತೆ. ಹಾಗೇ ಬಸ್ ನಿಲ್ದಾಣಕ್ಕೆ ಓಡಿದರು. ಬಸ್ಸು ಅವರನ್ನು ನೋಡಿ ಹೊರಟಿತೋ, ಹೊರಟಿದ್ದನ್ನು ಅವರು ನೋಡಿದರೋ, ಅಂತೂ ತಪ್ಪಿತು.

ಸ್ಕೂಟರ್ ಬಂದು ಪಕ್ಕದಲ್ಲಿ ನಿಂತದ್ದು ಆಗ. ಪಕ್ಕದ ವಾರ್ಡಿನ ಸದಸ್ಯೆ. ಮೂವತ್ತು ವರ್ಷ ಆ ವಾರ್ಡಿನ ಆರೋಗ್ಯ ಕೇಂದ್ರದಲ್ಲೇ ನರ್ಸ್ ಆಗಿದ್ದವರು. ಈಗಲೂ ಎಲ್ಲರಿಗೂ ನರ್ಸಮ್ಮನೇ. ಊರಿನ ಅರ್ಧ ಜನಕ್ಕೆ ಇಂಜೆಕ್ಷನ್ ಕೊಟ್ಟವರು, ಹಾಗಾಗಿ ಅವರ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಯಾವ ಕಡೆ ಸವಾರಿ, ಅದೂ ಅರ್ಧ ಕ್ಷೌರದಲ್ಲಿ ಎಂದು ಕೇಳಿದರು. ಕಚೇರಿಗೆ ಎಂದಾಗ, ಹತ್ತಿ ಅಣ್ಣ, ನಾನೂ ಅಲ್ಲಿಗೇ, ಇವತ್ತು ಗುರುವಾರ ಅಲ್ವಾ ಎಂದರು.

ಸೋಮವಾರ ಮತ್ತು ಗುರುವಾರ ನರ್ಸಮ್ಮ ಎಂಜಿನಿಯರರ ಕೋಣೆಯ ಹೊರಗೆ ಕೂರುವ ದಿನ. ಒಂದೂವರೆ ವರ್ಷದಿಂದ ಹೀಗೆ. ಆರೋಗ್ಯ ಕೇಂದ್ರದ ಹಿಂದೆ ಕಡಿದಾದ ಇಳಿಜಾರು ದಾರಿಯೊಂದಿತ್ತು. ಬಸ್ಸು ಇಳಿದ ರೋಗಿಗಳು ಅದನ್ನೇ ಹತ್ತಿ ಬರಬೇಕು. ಅಲ್ಲಿಗೆ ಒಂದು ಕಂಬಿ ಬೇಕೆಂದು ಅವರು ಕೇಳುತ್ತಿದ್ದರು. ಕೇಳುವುದೆಂದರೆ ಬೆಂಚಿನ ಮೇಲೆ ಕೂರುವುದು. ಹೋದ ತಿಂಗಳು ಎಂಜಿನಿಯರರು ಮಂಜೂರಾಗಿದೆ ಎಂದಿದ್ದರು. ಇನ್ನೂ ಬಂದಿರಲಿಲ್ಲ.

“ನಿಮ್ಮ ಮೆಟ್ಟಿಲಿಗೆ ಕಂಬಿ ಬಂತಂತೆ, ಹಾಲಿನವಳು ಹೇಳಿದ್ಲು. ನನಗೆ ಬರೆಯೋಕೆ ಬರಲ್ಲ ಅಣ್ಣ. ಹೋಗಿ ಕೂರೋದೊಂದೇ ಗೊತ್ತು. ನೀವು ಮನೇಲೇ ಕೂತು ಬರೀತೀರಿ, ಬರುತ್ತೆ. ಅದೇನು ಬರೀತೀರಿ, ಸ್ವಲ್ಪ ನನಗೂ ಹೇಳಿಕೊಡಿ.”

ಅವಸರದಲ್ಲಿದ್ದರೂ ಕೌನ್ಸಿಲರರಿಗೆ ಒಳಗೊಳಗೇ ಹಿತವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಅವರನ್ನು ಏನನ್ನೋ ಹೇಳಿಕೊಡಿ ಎಂದು ಕೇಳಿದ್ದರು. ಸ್ಕೂಟರಿನ ಹಿಂದೆ ಕೂತು, ಗಾಳಿಗೆ ಒಣಗಿದ ನೊರೆಯನ್ನು ಉಗುರಿನಿಂದ ಕೆರೆಯುತ್ತ ಪಾಠ ಮಾಡಿದರು. ಮೊದಲ ವಾಕ್ಯ ಚಿಕ್ಕದಿರಬೇಕು. ಕೋರಿಕೆಯನ್ನು ಎರಡನೆಯ ಪ್ಯಾರಾದಲ್ಲಿ ಇಡಬೇಕು. ಅಧಿಕಾರಿಗಳೂ ಮನುಷ್ಯರೇ, ಒಳ್ಳೆಯ ಭಾಷೆ ಅವರ ಮನಸ್ಸನ್ನೂ ಮುಟ್ಟುತ್ತದೆ. ಕೂತು ಕಾಯುವುದರಿಂದ ಅವರಿಗೆ ಮುಜುಗರವಾಗುತ್ತದೆ ಅಷ್ಟೆ, ಕೆಲಸ ಆಗುವುದಿಲ್ಲ. ನರ್ಸಮ್ಮ ಪ್ರತಿ ಮಾತಿಗೂ ತಲೆದೂಗಿದರು. ಆ ದಿನದ ಎಲ್ಲ ಸಂಗತಿಗಳ ನಡುವೆ, ಆಮೇಲೆ ನೆನೆದಾಗ ಕೌನ್ಸಿಲರರ ಕಿವಿ ಕೆಂಪಾಗುತ್ತಿದ್ದದ್ದು ಈ ಪಾಠವನ್ನು ನೆನೆದೇ.

ಕಚೇರಿಯ ಗಡಿಯಾರದಲ್ಲಿ ಹತ್ತು ಐವತ್ತು. ನರ್ಸಮ್ಮ ತಮ್ಮ ಬೆಂಚಿನ ಕಡೆ ಹೋದರು. ಕೌನ್ಸಿಲರರು ಟಪಾಲು ವಿಭಾಗದ ಕಿಟಕಿಗೆ ಬಂದರು. ಅಲ್ಲಿದ್ದದ್ದು ಒಬ್ಬ ಹಿರಿಯ ಗುಮಾಸ್ತೆ. ಎಲ್ಲರ ಬಾಯಲ್ಲೂ ಟಪಾಲಿನ ಅಮ್ಮ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮುದ್ರೆಯನ್ನು ಮಸಿಗೆ ಅದ್ದಿ, ಲಕೋಟೆಗಳ ರಾಶಿಯ ಮುಂದೆ ಕೂತಿದ್ದರು.

ಬೆಳಿಗ್ಗೆ ಬಂದ ತಮ್ಮ ಪತ್ರದಲ್ಲಿ ಒಂದು ತಪ್ಪು ನುಸುಳಿದೆ, ಅದನ್ನೊಮ್ಮೆ ವಾಪಸು ಕೊಟ್ಟರೆ ಉಪಕಾರವಾಗುತ್ತದೆ, ಅದು ನಿಯಮಕ್ಕೆ ವಿರುದ್ಧವೆಂದು ಗೊತ್ತು, ಆದರೂ ಎಂದು ಕೌನ್ಸಿಲರರು ಶುರುಮಾಡಿದರು. ಆಕೆ ಅವರ ಎರಡು ಬಗೆಯ ಕೆನ್ನೆಗಳನ್ನು ನೋಡಿ, ಯಾವ ವಾರ್ಡು ಎಂದು ಕೇಳಿದರು. ಹೇಳಿದ ಕೂಡಲೇ ಆಕೆಯ ಮುಖ ಅರಳಿತು.

“ಓ, ಆ ಮುದ್ದಾದ ಅಕ್ಷರದವರು ನೀವೇನಾ ಸಾರ್? ಒಳಗೆ ಬನ್ನಿ. ಗಾಬರಿ ಬೇಡ, ನಿಮ್ಮದಕ್ಕೆ ಮುದ್ರೆ ಬಿದ್ದಿಲ್ಲ.”

ಕೌನ್ಸಿಲರರಿಗೆ ಹೋದ ಜೀವ ಬಂದಂತಾಯಿತು. ಆಕೆ ಹಿಂದಿನ ಕೋಣೆಯ ಕಬ್ಬಿಣದ ಬೀರು ತೆರೆದರು. ಮೇಲಿನ ಅರೆಯಲ್ಲಿ ‘ತುರ್ತು’ ಎಂದು ಎರಡು ಗೆರೆ ಎಳೆದ ಲಕೋಟೆ ಇತ್ತು. ತೆಗೆದು ಕೈಗೆ ಕೊಟ್ಟರು. ಅಂಟು ಕೂಡ ಬಿಟ್ಟಿರಲಿಲ್ಲ. ಅವರು ಅದನ್ನು ಎದೆಗೊತ್ತಿಕೊಂಡರು. ಎರಡು ಕ್ಷಣ ಅವರಷ್ಟು ಸುಖಿ ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ.

ಮೂರನೆಯ ಕ್ಷಣದಲ್ಲಿ ಅವರ ಕಣ್ಣು ಕೆಳಗಿನ ಅರೆಗಳ ಮೇಲೆ ಬಿತ್ತು. ಎಲ್ಲ ಲಕೋಟೆಗಳೂ ಒಂದೇ ಅಕ್ಷರದಲ್ಲಿದ್ದವು. ತಮ್ಮ ಅಕ್ಷರದಲ್ಲಿ. ಬೀದಿ ದೀಪ, ಚರಂಡಿ, ಶಾಲೆಯ ಹಂಚು, ನಲ್ಲಿ, ಮತ್ತೆ ಬೀದಿ ದೀಪ. ತಿಂಗಳಿಗೊಂದು ಕಟ್ಟು, ಒಂದೊಂದಕ್ಕೂ ದಾರ. ನಾಲ್ಕು ವರ್ಷದ ಪತ್ರಗಳೆಲ್ಲ ಶಾಲೆಗೆ ಬಂದ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಒಂದನ್ನೂ ತೆರೆದಿರಲಿಲ್ಲ.

ಟಪಾಲಿನ ಅಮ್ಮ ಬೇಸರವಿಲ್ಲದೆ ವಿವರಿಸಿದರು. ಐದು ವರ್ಷದ ಹಿಂದೆ ಒಂದು ಸುತ್ತೋಲೆ ಬಂದಿತ್ತು. ಒಂದು ಹಾಳೆಗಿಂತ ಉದ್ದದ ಪತ್ರವನ್ನು ಅಧಿಕಾರಿಗಳಿಗೆ ನೇರವಾಗಿ ಕಳಿಸಬಾರದು, ಸಾರಾಂಶದ ಗುಮಾಸ್ತರು ಅದನ್ನು ಅರ್ಧ ಹಾಳೆಗೆ ಇಳಿಸಿ ಕಳಿಸಬೇಕು ಎಂದು. ಸಾರಾಂಶದ ಗುಮಾಸ್ತರು ಆ ವರ್ಷವೇ ನಿವೃತ್ತರಾದರು. ಆ ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ. ಲಕೋಟೆ ತೆರೆದರೆ ಮುದ್ರೆ ಹಾಕಬೇಕು, ಮುದ್ರೆ ಹಾಕಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಅದಕ್ಕೇ ದಪ್ಪ ಲಕೋಟೆಗಳನ್ನು ಬೆರಳಲ್ಲಿ ಒತ್ತಿ ನೋಡಿ ಹಾಗೇ ಎತ್ತಿಡುತ್ತಾರೆ.

“ನಿಮ್ಮವು ಎಲ್ಲಾ ದಪ್ಪ ಸಾರ್. ಒಂದಾದ್ರೂ ತೆಳ್ಳಗಿರುತ್ತೆ ಅಂತ ನಾನೂ ಕಾಯ್ತಿದ್ದೆ,” ಎಂದರು ಆಕೆ.

ಉಳಿದ ಸದಸ್ಯರ ಪತ್ರಗಳು ಎಲ್ಲಿ ಎಂದು ಕೌನ್ಸಿಲರರು ಕೇಳಿದರು. ಅವರು ಬರೆಯುವುದಿಲ್ಲ, ಬಂದು ಕೂರುತ್ತಾರೆ ಎಂಬ ಉತ್ತರ ಬಂತು.

ಅವರು ಕಂಬಿಯ ಪತ್ರಗಳನ್ನು ಹುಡುಕಿದರು. ಹನ್ನೊಂದೂ ಇದ್ದವು. ಹನ್ನೊಂದೂ ತಾವು ಅಂಟಿಸಿದ ಹಾಗೇ ಇದ್ದವು. ಅವರ ಬಾಯಿಂದ ಒಂದೇ ಮಾತು ಹೊರಟಿತು: “ಹಾಗಾದ್ರೆ ಕಂಬಿ?”

ಟಪಾಲಿನ ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಕೆಲಸದ ಆದೇಶ ಟೈಪು ಮಾಡಿದ್ದು ಅವರೇ, ನಡೆದದ್ದನ್ನು ಬೆಳಿಗ್ಗೆ ಕೆಲಸಗಾರರ ಬಾಯಿಂದ ಕೇಳಿದ್ದೂ ಅವರೇ. ಆದೇಶವಿದ್ದದ್ದು ಆರೋಗ್ಯ ಕೇಂದ್ರದ ಹಿಂದಿನ ಇಳಿಜಾರಿಗೆ. ವಾರ್ಡುಗಳಿಗೆ ಹೊಸ ನಂಬರು ಬಂದು ಎರಡು ವರ್ಷವಾಗಿತ್ತು. ಕೆಲಸಗಾರರ ಹತ್ತಿರ ಇನ್ನೂ ಹಳೆಯ ನಕ್ಷೆಯೇ ಇತ್ತು. ಅದರಲ್ಲಿ ನರ್ಸಮ್ಮನ ವಾರ್ಡಿನ ಈಗಿನ ನಂಬರು ಕೌನ್ಸಿಲರರ ವಾರ್ಡಿಗಿತ್ತು. ಅವರು ಸಂಜೆ ಬಂದು ಹುಡುಕಿದರು, ಇಳಿಜಾರು ಸಿಗಲಿಲ್ಲ, ಮೆಟ್ಟಿಲು ಸಿಕ್ಕಿತು. ಕೇಳೋಣವೆಂದರೆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಕಿದರು. ಇಳಿಜಾರಿನ ಅಳತೆಗೆ ತಂದ ಕಂಬಿ, ಮೆಟ್ಟಿಲಿಗೆ ಸ್ವಲ್ಪ ಸಾಲದೇ ಹೋಯಿತು.

ಕೌನ್ಸಿಲರರು ಬೀರುವಿನ ಬಾಗಿಲು ಹಿಡಿದುಕೊಂಡು ನಿಂತರು.

“ಒಂದೇ ಹಾಳೆ ಬರೆದುಕೊಡಿ ಸಾರ್,” ಎಂದರು ಟಪಾಲಿನ ಅಮ್ಮ. “ಈ ಕಂಬಿ ನಮ್ಮದಲ್ಲ, ತಪ್ಪಿ ಬಂದಿದೆ ಅಂತ ಎರಡು ಸಾಲು. ತೆಳ್ಳಗಿನ ಕವರು. ನಾನೇ ತೆರೆದು ಇವತ್ತೇ ಮೇಲೆ ಕಳಿಸ್ತೀನಿ. ನಾಳೆ ಬಿಚ್ಚಿ ಅಲ್ಲಿಗೆ ಒಯ್ತಾರೆ.”

“ಬರೆಯದಿದ್ರೆ?”

“ಆ ವಾರ್ಡಿಗೆ ಕಂಬಿ ಹಾಕಿ ಆಗಿದೆ ಅಂತ ಫೈಲ್ ಹೇಳುತ್ತೆ. ಫೈಲ್ ಹೇಳಿದ ಮೇಲೆ ಆಯ್ತು.”

ಹೊರಗೆ ಕೂತು ಬರೆಯುತ್ತೇನೆ ಎಂದು ಹೇಳಿ ಕೌನ್ಸಿಲರರು ಹೊರಬಂದರು. ಆ ಕ್ಷಣದಲ್ಲಿ ಅವರು ಬರೆಯುವವರೇ ಇದ್ದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ರಾಜೀನಾಮೆಯನ್ನು ಒಳಜೇಬಿಗೆ ಹಾಕಿ, ಪೆನ್ನಿನ ಮುಚ್ಚಳ ತೆಗೆದೇ ಅವರು ಪಡಸಾಲೆಯಲ್ಲಿ ನಡೆದದ್ದು. ತಮ್ಮ ಜೀವನದಲ್ಲಿ ಯಾರಾದರೂ ಓದಲಿರುವ ಮೊದಲ ಪತ್ರ ಇದು ಎಂದೂ, ಅದನ್ನು ತಮ್ಮ ವಿರುದ್ಧವೇ ಬರೆಯಬೇಕಾಗಿದೆ ಎಂದೂ ಹೊಳೆದಾಗ ಒಂದು ಬಗೆಯ ನಗುವೂ ಬಂತು.

ಎಂಜಿನಿಯರರ ಕೋಣೆಯ ಹೊರಗಿನ ಬೆಂಚಿನಲ್ಲಿ ನರ್ಸಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಾವತ್ತೂ ನೆಟ್ಟಗೆ ಕೂರುವವರು ಈಗ ಗೋಡೆಗೆ ಒರಗಿದ್ದರು.

“ಹಾಕಿ ಆಗಿದೆಯಂತೆ ಅಣ್ಣ. ಫೈಲ್ ತೋರಿಸಿದ್ರು, ಸಹಿ ಕೂಡ ಇದೆ. ಬೆಳಿಗ್ಗೆ ಅದೇ ದಾರೀಲಿ ಬಂದೆ, ಅಲ್ಲಿ ಏನೂ ಇಲ್ಲ ಅಂದೆ. ಒಂದ್ಸಲ ಕಣ್ಣು ತೋರಿಸಿಕೊಳ್ಳಿ ಅಂದ್ರು.”

ಕೌನ್ಸಿಲರರು ಪಕ್ಕದಲ್ಲಿ ಕೂತರು. ಹೋದ ವಾರ ಆ ಇಳಿಜಾರಿನಲ್ಲಿ ಒಬ್ಬ ಬಸುರಿ ಹೆಂ‌ಗಸು ಜಾರಿ ಕೂತುಬಿಟ್ಟಳು ಎಂದು ನರ್ಸಮ್ಮ ಹೇಳಿದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಕೈಹಿಡಿದು ಎಬ್ಬಿಸಿದವರು ತಾವೇ. ಆಕೆಗೆ, ಮುಂದಿನ ತಪಾಸಣೆಗೆ ಬರುವಷ್ಟರಲ್ಲಿ ಕಂಬಿ ಇರುತ್ತಮ್ಮ ಎಂದು ಮಾತು ಕೊಟ್ಟಿದ್ದರು. ಹೇಳುತ್ತ ಹೇಳುತ್ತ ಅವರು ಕೌನ್ಸಿಲರರ ಕೈಯಲ್ಲಿದ್ದ ಪೆನ್ನನ್ನು ನೋಡಿದರು.

“ನೀವೇ ಬರೆದುಕೊಡಿ ಅಣ್ಣ. ನಾನು ಸಹಿ ಹಾಕ್ತೀನಿ. ನಿಮ್ಮ ಕಾಗದಕ್ಕೆ ಬೆಲೆ ಇದೆ.”

ಅವರು ಬರೆಯಲು ಕೂತರು. ಮೊದಲ ವಾಕ್ಯ ಚಿಕ್ಕದಾಗಿ, ಚೆನ್ನಾಗಿ ಬಂತು. ಎರಡನೆಯ ವಾಕ್ಯ ಏನೆಂದು ಅವರಿಗೆ ಗೊತ್ತಿತ್ತು: ಸದರಿ ಕಂಬಿಯನ್ನು ತಪ್ಪಾಗಿ ಪಕ್ಕದ ವಾರ್ಡಿನ ಮೆಟ್ಟಿಲುಗಳಿಗೆ ಹಾಕಲಾಗಿದೆ. ಅಷ್ಟು ಬರೆದರೆ ನರ್ಸಮ್ಮನಿಗೂ ಗೊತ್ತಾಗುತ್ತಿತ್ತು, ಊರಿಗೂ ಗೊತ್ತಾಗುತ್ತಿತ್ತು, ಕೆಲಸವೂ ಆಗುತ್ತಿತ್ತು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಫೋನು ಬಂತು.

ಹೆಂಡತಿ. ಮುದುಕ ಕಂಡಕ್ಟರು ಬೆಳಿಗ್ಗೆ ಇಳಿದವರು ಇನ್ನೂ ಮೇಲೆ ಹೋಗಿಲ್ಲ, ಸನ್ಮಾನ ನೋಡಿಯೇ ಹತ್ತುತ್ತೇನೆ ಎಂದು ಕ್ಷೌರದಂಗಡಿಯಲ್ಲೇ ಕೂತಿದ್ದಾರೆ. ರಸ್ತೆಯಲ್ಲಿ ಹೋಗಿಬರುವವರಿಗೆಲ್ಲ ಕಂಬಿ ತೋರಿಸುತ್ತಿದ್ದಾರೆ. ಔಷಧಿ ಅಂಗಡಿಯವನು ಕುರ್ಚಿಗಳನ್ನು ತರಿಸಿದ್ದಾನೆ. ಇಷ್ಟು ಹೇಳಿ ಅವರು ಬೇರೆ ಮಾತು ತೆಗೆದರು.

“ನಿಮ್ಮ ಕಾಗದಗಳ ಬಗ್ಗೆ ಏನೇನೋ ಅಂದಿದ್ದೆ. ತಪ್ಪಾಯ್ತು ಕಣ್ರೀ,” ಎಂದರು. “ಆರು ಗಂಟೆಗೆ ನಾನೂ ಬಂದು ಮುಂದೆ ಕೂತಿರ್ತೀನಿ. ಬೇಗ ಬನ್ನಿ.”

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಹೆಂಡತಿಯ ಬಾಯಿಂದ ಆ ಮಾತನ್ನು ಅವರು ಕೇಳಿರಲಿಲ್ಲ. ಫೋನನ್ನು ಜೇಬಿಗೆ ಹಾಕಿ ಬಹಳ ಹೊತ್ತು ಎದುರಿನ ಗೋಡೆ ನೋಡಿದರು. ಕಂಬಿ ಬಿಚ್ಚುವಾಗ ಆಗುವ ಸದ್ದು, ಆ ಸದ್ದಿಗೆ ಮೇಲಿನ ಮನೆಯ ಕಿಟಕಿಗೆ ಬರುವ ಮುದುಕರ ಮುಖ, ಎಲ್ಲ ಕಣ್ಣಿಗೆ ಕಟ್ಟಿದವು. ಕಟ್ಟದೆ ಉಳಿದದ್ದು ಇಳಿಜಾರಿನ ಹೆಂಗಸಿನ ಮುಖ ಮಾತ್ರ. ಅವರು ಅದನ್ನು ನೋಡಿರಲಿಲ್ಲ.

ಆಮೇಲೆ ಅವರು ಬರೆದರು. ಆರೋಗ್ಯ ಕೇಂದ್ರ ಶುರುವಾದ ವರ್ಷದಿಂದ ಬರೆದರು. ಇಳಿಜಾರಿನ ಉದ್ದಗಲ, ಅದು ಎಷ್ಟು ಕಡಿದು, ಅಲ್ಲಿ ನಡೆಯುವವರ ವಯಸ್ಸು, ಕಂಬಿಗಳ ಸಾಮಾನ್ಯ ಉಪಯೋಗ. ಮೊದಲ ಹಾಳೆ ಮುಗಿಯಿತು. ಎರಡನೆಯದನ್ನು ಎತ್ತಿಕೊಳ್ಳುವಾಗ ಅವರ ಕೈ ಒಂದು ಗಳಿಗೆ ನಿಂತಿತು. ನಿಂತು, ಎತ್ತಿಕೊಂಡಿತು.

“ಒಂದು ಹಾಳೆ ಸಾಲ್ದಾ ಅಣ್ಣ?” ಎಂದು ನರ್ಸಮ್ಮ ಕೇಳಿದರು.

“ಸಾಲದು,” ಎಂದರು ಕೌನ್ಸಿಲರರು. “ವಿವರವಾಗಿರಬೇಕು.”

ನಾಲ್ಕು ಹಾಳೆಯಾಯಿತು. ನರ್ಸಮ್ಮ ಸಹಿ ಹಾಕಿ, ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಇಷ್ಟು ವಿಷಯ ಇದೆ ಅಂತ ನನಗೇ ಗೊತ್ತಿರಲಿಲ್ಲ ಎಂದರು. ತಾವೇ ಹೋಗಿ ಕಿಟಕಿಯಲ್ಲಿ ಕೊಟ್ಟರು. ಟಪಾಲಿನ ಅಮ್ಮ ಅದನ್ನು ಎರಡು ಬೆರಳಿನಿಂದ ಒತ್ತಿದರು. ಕನ್ನಡಕದ ಮೇಲಿನಿಂದ ನರ್ಸಮ್ಮನ ಹಿಂದೆ ನಿಂತಿದ್ದ ಕೌನ್ಸಿಲರರನ್ನು ನೋಡಿದರು. ಲಕೋಟೆ ಹಿಡಿದು ಎದ್ದು, ಬೀರು ಇದ್ದ ಕೋಣೆಗೆ ಹೋದರು.

ಕಚೇರಿಯಲ್ಲಿ ನರ್ಸಮ್ಮನಿಗೆ ಇನ್ನೂ ನಾಲ್ಕು ಕೆಲಸಗಳಿದ್ದವು. ಕೌನ್ಸಿಲರರಿಗೆ ಯಾವ ಕೆಲಸವೂ ಇರಲಿಲ್ಲ; ಆದರೂ ಬೆಂಚಿನ ಮೇಲೆ ಕಾದರು. ಹಿಂದಿರುಗುವ ದಾರಿಯಲ್ಲಿ ನರ್ಸಮ್ಮನ ಮಾತು ನಿಲ್ಲಲೇ ಇಲ್ಲ. ಮನಸ್ಸು ಹಗುರಾಯಿತು ಎಂದರು. ಇನ್ನು ಸೋಮವಾರ, ಗುರುವಾರ ಬಂದು ಕೂರುವ ಕೆಲಸವಿಲ್ಲ, ಕಾಗದ ತಾನೇ ದಾರಿ ನೋಡಿಕೊಳ್ಳುತ್ತದೆ ಅಲ್ವಾ ಅಣ್ಣ ಎಂದು ಕೇಳಿದರು. ಈಗ ಹೇಳಿಬಿಡೋಣ ಎಂದು ಕೌನ್ಸಿಲರರು ಬಾಯಿ ತೆರೆದರು. ಅಷ್ಟರಲ್ಲಿ ಒಂದು ಲಾರಿ ಪಕ್ಕದಲ್ಲಿ ಹಾದುಹೋಯಿತು. ಲಾರಿ ಹೋದ ಮೇಲೆ ಮತ್ತೆ ಬಾಯಿ ತೆರೆದು, ಸ್ವಲ್ಪ ದಿನ ಕಾಯಬೇಕಾಗಬಹುದು ಎಂದರು.

ಮೆಟ್ಟಿಲಿನ ಬುಡದಲ್ಲಿ ಬೀದಿಯ ಅರ್ಧಕ್ಕರ್ಧ ಜನ ಸೇರಿದ್ದರು. ಮೈಕು ಕರಕರ ಎನ್ನುತ್ತಿತ್ತು. ಕ್ಷೌರದವನು ಬಂದು, ಉಳಿದ ಕೆನ್ನೆ ಸಭೆ ಮುಗಿದ ಮೇಲೆ ಎಂದು ಕಿವಿಯಲ್ಲಿ ಹೇಳಿಹೋದ. ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮುದುಕ ಕಂಡಕ್ಟರ್ ಅವರ ಪಕ್ಕದಲ್ಲಿ.

ನರ್ಸಮ್ಮ ಹೊರಟುಹೋಗುತ್ತಾರೆ ಎಂದು ಕೌನ್ಸಿಲರರು ಅಂದುಕೊಂಡಿದ್ದರು. ಅವರು ಹೋಗಲಿಲ್ಲ. ಸ್ಕೂಟರ್ ನಿಲ್ಲಿಸಿ, ಮೆಟ್ಟಿಲ ಹತ್ತಿರ ಹೋಗಿ, ಕಂಬಿಯ ಮೇಲೆ ಉದ್ದಕ್ಕೂ ಕೈಯಾಡಿಸಿದರು.

“ಎತ್ತರ ಸರಿಯಾಗಿದೆ ಅಣ್ಣ. ಇದಕ್ಕಿಂತ ಮೇಲಿದ್ರೆ ವಯಸ್ಸಾದವರ ಕೈ ನೋಯುತ್ತೆ. ನಾನೂ ಅವರಿಗೆ ಇಷ್ಟೇ ಎತ್ತರ ಅಂತ ಬರೆಸಿದ್ದೆ,” ಎಂದು ಹೇಳಿ, ಖಾಲಿ ಇದ್ದ ಒಂದು ಕುರ್ಚಿಯಲ್ಲಿ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಔಷಧಿ ಅಂಗಡಿಯವನು ಮೈಕಿನ ಕಡೆ ಕೈ ತೋರಿಸಿದ. ಕುರ್ಚಿಯಿಂದ ಅಲ್ಲಿಗೆ ಏಳೆಂಟು ಹೆಜ್ಜೆ. ಹೆಂಡತಿಗೂ ಹೇಳುವುದು ಬೇಡ, ನರ್ಸಮ್ಮನಿಗೂ ಬೇಡ, ಇವತ್ತು ನಡೆದದ್ದನ್ನು ಯಾರಿಗೂ ಹೇಳುವುದೇ ಬೇಡ ಎಂದು ಅಷ್ಟರಲ್ಲೇ ಅವರು ತೀರ್ಮಾನಿಸಿಯಾಗಿತ್ತು. ಮೈಕಿನ ಮುಂದೆ ನಿಂತು ಒಮ್ಮೆ ಕೆಮ್ಮಿ, ಎಲ್ಲರಿಗೂ ನಮಸ್ಕಾರ ಎಂದರು.